ಸ್ಟೈಪೆಂಡ್ ಹುಡುಗರಿಗೆ, ಸಮಯ ಯಾರದ್ದು? ‘ಸಮ್ಮರ್ ಆಫ್ ಕೋಡ್’ನ 20 ವರ್ಷದ ಲೆಕ್ಕ

ಇವತ್ತಿನ ಸಂಚಿಕೆಯೂ ಇತಿಹಾಸದ್ದೇ. ಆದರೆ ರಾಜರು, ಕೋಟೆ, ಯುದ್ಧ ಯಾವುದೂ ಇಲ್ಲ. ಬರೀ 20 ವರ್ಷದ ಇತಿಹಾಸ. ಶುರುವಾಗೋದು ತುಮಕೂರಿನ ನಮ್ಮ ಚಿಕ್ಕಮ್ಮನ ಮನೆಯಲ್ಲಿ.

ಕಳೆದ ವರ್ಷ ಮೇ ತಿಂಗಳ ಒಂದು ರಾತ್ರಿ, ಹನ್ನೊಂದೂವರೆ ಆಗಿತ್ತು. ಚಿಕ್ಕಮ್ಮನ ಮಗ, ಎಂಜಿನಿಯರಿಂಗ್ ಮೂರನೇ ವರ್ಷ, ಲ್ಯಾಪ್‌ಟಾಪ್ ಎತ್ತಿಕೊಂಡು ಹಾಲ್‌ಗೆ ಓಡಿ ಬಂದ. ‘ಅಕ್ಕಾ, ಜೀಸಾಕ್ ಆಯ್ತು!’

ಒಳಗಿನಿಂದ ಚಿಕ್ಕಮ್ಮ ಕೇಳಿದರು: ‘ಏನ್ ಸಾಕಾಯ್ತಂತೆ ಅವನಿಗೆ?’

ಗೂಗಲ್ ಸಮ್ಮರ್ ಆಫ್ ಕೋಡ್. ಹುಡುಗರ ಬಾಯಲ್ಲಿ ಜೀಸಾಕ್. ಚಿಕ್ಕಪ್ಪ ಕೇಳಿದ್ದು ಒಂದೇ ಪ್ರಶ್ನೆ, ದುಡ್ಡೆಷ್ಟು? 1,500 ಡಾಲರ್ ಅಂದ. ಮನೆಯವರೆಲ್ಲ ಮನಸ್ಸಲ್ಲೇ ಗುಣಿಸಿದರು. ಹೆಚ್ಚುಕಡಿಮೆ ಒಂದೂಕಾಲು ಲಕ್ಷ.

ನಾನು ಕೇಳಿದ್ದು ಬೇರೆ. ‘ನಿಂಗೆ ಹೇಳಿಕೊಡೋದು ಯಾರೋ?’

‘ಮೆಂಟರ್ ಇದ್ದಾರೆ ಅಕ್ಕಾ. ಜರ್ಮನಿಯವರು. ಹಗಲು ಬೇರೆ ಕೆಲಸ, ಸಂಜೆ ಮೇಲೆ ಇದು.’

‘ಅವರಿಗೆ ಎಷ್ಟು ಕೊಡ್ತಾರೆ?’

‘ಏನೂ ಇಲ್ಲ ಅಕ್ಕಾ. ಅವರು ವಾಲಂಟಿಯರ್.’

ನಾನು ಬಿಕಾಂ. ಒಂದು ಕಡೆ ಡೆಬಿಟ್ ಕಂಡರೆ ಇನ್ನೊಂದು ಕಡೆ ಕ್ರೆಡಿಟ್ ಎಲ್ಲಿದೆ ಅಂತ ಹುಡುಕೋದು ನಮ್ಮ ರೋಗ. ಹುಡುಗನಿಗೆ ದುಡ್ಡು ಬಂತು, ಸರಿ. ಮೂರು ತಿಂಗಳು ಅವನ ತಪ್ಪು ತಿದ್ದೋ ಆ ಜರ್ಮನಿಯ ಮನುಷ್ಯನ ಸಮಯ ಯಾವ ಖಾತೆಗೆ ಹೋಯ್ತು? ಆ ಪ್ರಶ್ನೆ ಹಿಡಿದುಕೊಂಡು ನಾನು ಈ ಕಾರ್ಯಕ್ರಮದ ಇತಿಹಾಸ ಓದೋಕೆ ಕೂತೆ. ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ.

ಬರ್ಗರ್ ಬಿಟ್ಟು ಬಿಟ್ಸ್

ಮೊದಲು ಒಂದು ನಿಮಿಷ ಓಪನ್ ಸೋರ್ಸ್ ಬಗ್ಗೆ. ಗೊತ್ತಿರೋರು ಸ್ವಲ್ಪ ಸಹಿಸಿಕೊಳ್ಳಿ. ಒಂದು ಸಾಫ್ಟ್‌ವೇರ್‌ನ ಮೂಲ ಕೋಡ್ ಯಾರು ಬೇಕಾದರೂ ಓದಬಹುದು, ಬದಲಾಯಿಸಬಹುದು, ಹಂಚಬಹುದು ಅಂತಿದ್ದರೆ ಅದು ಓಪನ್ ಸೋರ್ಸ್. ನಿಮ್ಮ ಆಂಡ್ರಾಯ್ಡ್ ಫೋನಿನ ಅಡಿಪಾಯ ಲಿನಕ್ಸ್ ಅಂಥದ್ದು. ವಿಡಿಯೊ ನೋಡೋ ವಿಎಲ್‌ಸಿ, ತ್ರೀಡಿ ಅನಿಮೇಷನ್ ಮಾಡೋ ಬ್ಲೆಂಡರ್ ಕೂಡ ಅಂಥವೇ. ಇಂಥ ಪ್ರಾಜೆಕ್ಟ್‌ಗಳನ್ನು ನಡೆಸೋರಲ್ಲಿ ಎಷ್ಟೋ ಜನ ಬಿಡುವಿನ ವೇಳೆಯಲ್ಲಿ ಕೆಲಸ ಮಾಡೋರು. ಹೊಸಬರು ಬರದೇ ಹೋದರೆ ಪ್ರಾಜೆಕ್ಟ್ ಮೆಲ್ಲಗೆ ಸಾಯುತ್ತೆ.

2005ರ ಜೂನ್ ಮೊದಲ ವಾರ. ಗೂಗಲ್ ಕಂಪನಿ ಒಂದು ಘೋಷಣೆ ಮಾಡಿತು. ಬೇಸಿಗೆ ರಜೆಯಲ್ಲಿ ಕಾಲೇಜು ವಿದ್ಯಾರ್ಥಿಗಳು ಓಪನ್ ಸೋರ್ಸ್ ಪ್ರಾಜೆಕ್ಟ್‌ಗೆ ಕೋಡ್ ಬರೆದರೆ ಒಬ್ಬೊಬ್ಬರಿಗೆ 4,500 ಡಾಲರ್. ಹೇಳಿಕೊಟ್ಟ ಸಂಸ್ಥೆಗೆ ಒಬ್ಬ ವಿದ್ಯಾರ್ಥಿಗೆ 500 ಡಾಲರ್. ಇದನ್ನು ನಡೆಸಿದ್ದು ಆಗ ಗೂಗಲ್‌ನ ಓಪನ್ ಸೋರ್ಸ್ ವಿಭಾಗ ನೋಡಿಕೊಳ್ಳುತ್ತಿದ್ದ ಕ್ರಿಸ್ ಡಿಬೋನಾ. ಹೆಸರು ಬಂದಿದ್ದು 1967ರ ಸ್ಯಾನ್ ಫ್ರಾನ್ಸಿಸ್ಕೊದ ಹಿಪ್ಪಿಗಳ ‘ಸಮ್ಮರ್ ಆಫ್ ಲವ್’ನಿಂದ.

ಹಿಂದಿದ್ದ ಯೋಚನೆ ಸರಳ. ಅಮೆರಿಕದಲ್ಲಿ ರಜೆ ಬಂದರೆ ಕಂಪ್ಯೂಟರ್ ಸೈನ್ಸ್ ಓದೋ ಹುಡುಗರೂ ಖರ್ಚಿಗೆ ಅಂತ ಹೋಟೆಲಲ್ಲಿ, ಅಂಗಡಿಯಲ್ಲಿ ಕೆಲಸಕ್ಕೆ ಹೋಗ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಕಲಿತಿದ್ದು ಅರ್ಧ ಮರೆತಿರುತ್ತೆ. ಬರ್ಗರ್ ಮಗುಚೋ ಬದಲು ಬಿಟ್ಸ್ ಮಗುಚಿ ಅನ್ನೋದೇ ಈ ಕಾರ್ಯಕ್ರಮದ ಘೋಷವಾಕ್ಯ ಆಯ್ತು.

ಅರ್ಜಿ ಹಾಕೋಕೆ ಕೊಟ್ಟಿದ್ದು ಎರಡು ವಾರ. ಇಟ್ಟುಕೊಂಡಿದ್ದ ಜಾಗ 200. ಬಂದ ಅರ್ಜಿಗಳು 8,740!

ಗೂಗಲ್ ಜಾಗಗಳನ್ನು 419ಕ್ಕೆ ಏರಿಸಿತು. ದುಡ್ಡು ಇದ್ದೋರಿಗೆ ಅದು ಒಂದು ದಿನದ ನಿರ್ಧಾರ. ಆದರೆ ಆ ಕಡೆ ಕೂತಿದ್ದ 41 ಸಂಸ್ಥೆಗಳ ಸ್ಥಿತಿ ಯೋಚಿಸಿ. ಅಪಾಚೆ, ಫ್ರೀಬಿಎಸ್‌ಡಿ, ಕೆಡಿಇ, ಉಬುಂಟು, ಬ್ಲೆಂಡರ್. ಸಾವಿರಾರು ಅರ್ಜಿಗಳನ್ನು ಅವರ ಸ್ವಯಂಸೇವಕರೇ ಓದಬೇಕು, ಆರಿಸಬೇಕು, ಆಮೇಲೆ ಕಂಡು ಕೇಳರಿಯದ ಹುಡುಗರಿಗೆ ಬೇಸಿಗೆಯಿಡೀ ಹೇಳಿಕೊಡಬೇಕು. ತಯಾರಿಗೆ ಸಮಯವೇ ಕೊಡಲಿಲ್ಲ ಅನ್ನೋ ಟೀಕೆ ಅದೇ ವರ್ಷ ಬಂತು.

ಮೊದಲ ವರ್ಷದ ಬ್ಯಾಲೆನ್ಸ್ ಶೀಟ್

ಬೇಸಿಗೆ ಮುಗಿದಾಗ ಸುಮಾರು 80 ಶೇಕಡ ಪ್ರಾಜೆಕ್ಟ್‌ಗಳು ಪೂರ್ತಿಯಾಗಿದ್ದವು. ಕೇಳೋಕೆ ಫಸ್ಟ್ ಕ್ಲಾಸ್. ಉಬುಂಟುವಿನಲ್ಲಿ 64, ಕೆಡಿಇಯಲ್ಲಿ 67 ಶೇಕಡ. ಅದೂ ಪಾಸೇ.

ಆದರೆ ಲೆಕ್ಕದವರು ಇನ್ನೊಂದು ಪುಟ ತಿರುವಿ ನೋಡ್ತಾರೆ. ಹುಡುಗರು ದುಡ್ಡು ತಗೊಂಡ ಮೇಲೆ ಉಳಿದರಾ? ಡಿಬೋನಾ ಅವರೇ ಹೇಳಿಕೊಂಡ ಪ್ರಕಾರ ಸುಮಾರು 30 ಶೇಕಡ ವಿದ್ಯಾರ್ಥಿಗಳು ತಮ್ಮ ಗುಂಪಿನ ಜೊತೆ ಮುಂದುವರಿದರು. ಮೊಜಿಲ್ಲಾದಲ್ಲಿ ಕೆಲಸ ಮಾಡ್ತಿದ್ದ ಜರ್ವೇಸ್ ಮಾರ್ಕಮ್ ಕೊಟ್ಟ ಲೆಕ್ಕ ಇನ್ನೂ ಕಹಿ. ಮೊಜಿಲ್ಲಾಗೆ ಸಿಕ್ಕ 10 ಪ್ರಾಜೆಕ್ಟ್‌ಗಳಲ್ಲಿ ಬೇಸಿಗೆ ಆದ ಮೇಲೆ ಉಳಿದಿದ್ದು ಸೊನ್ನೆ. ಕೆಡಿಇಯಲ್ಲಿ 24ರಲ್ಲಿ ಒಂದೇ ಒಂದು.

ಎಲ್ಲ ಕಡೆ ಹಾಗೇ ಆಯ್ತು ಅಂತಲ್ಲ. ಗೇಮ್ ಅನ್ನೋ ಚಾಟ್ ಸಾಫ್ಟ್‌ವೇರ್ ಇತ್ತು, ಮುಂದೆ ಪಿಜಿನ್ ಅಂತ ಹೆಸರಾಯ್ತು. ಆ ಬೇಸಿಗೆಯ ಕೆಲಸ ಅವರ ಮುಂದಿನ ದೊಡ್ಡ ಆವೃತ್ತಿಗೆ ಸೇರಿಕೊಂಡಿತು. ಆದರೆ ಒಟ್ಟಾರೆ ನೋಡಿದರೆ ಪ್ರಶ್ನೆ ಎದ್ದು ಕಾಣುತ್ತೆ. 4,500 ಡಾಲರ್‌ಗೆ ಕೋಡ್ ಬಂತು, ಕೋಡ್ ಬರೆದವರು ಹೊರಟು ಹೋದರು. ವರ್ಷದ ನಂತರ ಆ ಕೋಡಿನಲ್ಲಿ ದೋಷ ಕಂಡರೆ ತಿದ್ದೋರು ಯಾರು? ಅದೇ ಮೆಂಟರ್. ಅಂದರೆ ಕೆಲವು ಕಡೆ ಸಹಾಯ ಅಂತ ಬಂದಿದ್ದು ಸಾಲವಾಗಿ ಉಳೀತು.

ಜೀಸಾಕ್‌ನ ಮುಂದಿನ 20 ವರ್ಷದ ಇತಿಹಾಸ ನನಗೆ ಕಾಣೋದು ಹೀಗೆ: ಈ ಸೊನ್ನೆಯನ್ನ ತುಂಬೋಕೆ ಮೆಂಟರ್‌ಗಳು ಒಂದೊಂದಾಗಿ ಕಲಿತ ಪಾಠಗಳು.

181 ಅರ್ಜಿ, ಒಬ್ಬಳೂ ಇಲ್ಲ

ಮೊದಲ ಪಾಠ ಬಂದಿದ್ದು ಮರುವರ್ಷವೇ. ಲಿನಕ್ಸ್ ಕಂಪ್ಯೂಟರ್‌ಗಳಲ್ಲಿ ಕಾಣೋ ಪರದೆ, ಕಿಟಕಿ, ಮೆನು ಇವೆಲ್ಲ ಮಾಡೋ ಪ್ರಾಜೆಕ್ಟ್‌ಗಳಲ್ಲಿ ಒಂದು ಗ್ನೋಮ್. 2006ರಲ್ಲಿ ಜೀಸಾಕ್‌ಗಾಗಿ ಗ್ನೋಮ್‌ಗೆ 181 ಅರ್ಜಿ ಬಂದವು. ಅದರಲ್ಲಿ ಹೆಣ್ಣುಮಕ್ಕಳ ಅರ್ಜಿ ಒಂದೂ ಇರಲಿಲ್ಲ.

‘ಅವರು ಅರ್ಜಿ ಹಾಕಲಿಲ್ಲ, ನಾವೇನು ಮಾಡೋದು’ ಅಂತ ಕೈ ತೊಳೆದುಕೊಳ್ಳಬಹುದಿತ್ತು. ಹಾನಾ ವಾಲಕ್ ಮತ್ತು ಕ್ರಿಸ್ ಬಾಲ್ ಅನ್ನೋ ಇಬ್ಬರು ಹಾಗೆ ಮಾಡಲಿಲ್ಲ. ಅದೇ ಬೇಸಿಗೆಯಲ್ಲಿ ಹೆಣ್ಣುಮಕ್ಕಳಿಗೇ ಅಂತ ಒಂದು ಸಣ್ಣ ಕಾರ್ಯಕ್ರಮ ಕರೆದರು. ಅರ್ಜಿ ಬಂದಿದ್ದು 100. ಆರಿಸಿಕೊಂಡಿದ್ದು 6 ಜನರನ್ನ.

ಒಂದೇ ಪ್ರಾಜೆಕ್ಟ್, ಒಂದೇ ವರ್ಷ, ಒಂದೇ ಬಗೆಯ ಕೆಲಸ. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ 100. ಕರೆದ ರೀತಿ ಮಾತ್ರ ಬೇರೆ. ಬಾಗಿಲು ತೆರೆದಿಟ್ಟು ಒಳಗೆ ಕೂತಿರೋದಕ್ಕೂ, ಹೊಸ್ತಿಲ ತನಕ ಬಂದು ‘ಬಾರಮ್ಮ ಒಳಗೆ’ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಅಂತ ನಮ್ಮ ಊರಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳ್ತಾರೆ.

2010ರಲ್ಲಿ ಮರೀನಾ ಜುರಾಖಿನ್ಸ್ಕಾಯಾ ಈ ಕೆಲಸಕ್ಕೆ ಮತ್ತೆ ಜೀವ ಕೊಟ್ಟರು. ಅದೇ ಮುಂದೆ ಬೇರೆ ಪ್ರಾಜೆಕ್ಟ್‌ಗಳಿಗೂ ಹರಡಿ, 2015ರಲ್ಲಿ ಔಟ್ರೀಚಿ ಅಂತ ಹೆಸರು ಪಡೀತು. ಇವತ್ತು ಅದು ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ, ಟೆಕ್ ಲೋಕದಲ್ಲಿ ಜಾಗ ಸಿಗದೇ ಉಳಿದ ಬೇರೆ ಬೇರೆ ಜನರಿಗೂ ಇದೆ. ವರ್ಷಕ್ಕೆ ಎರಡು ಸಲ ನಡೆಯುತ್ತೆ, ಸ್ಟೈಪೆಂಡ್ ಕೊಡ್ತಾರೆ, ಸಾವಿರಕ್ಕೂ ಹೆಚ್ಚು ಜನ ಅಲ್ಲಿಂದ ಹೊರಬಂದಿದ್ದಾರೆ. ಕೇಳ್ತಿರೋ ಹುಡುಗಿಯರೇ, ಈ ಹೆಸರು ಬರೆದಿಟ್ಟುಕೊಳ್ಳಿ.

ಮೆಂಟರ್‌ಗಳು ಕಂಡುಕೊಂಡ ಉಪಾಯಗಳು

ಈಗ ಸ್ವಲ್ಪ ಒಳಗಿನ ಯಂತ್ರ ನೋಡೋಣ. ಇವತ್ತು ಜೀಸಾಕ್ ಹೇಗೆ ನಡೆಯುತ್ತೆ? ಮೊದಲು ಓಪನ್ ಸೋರ್ಸ್ ಸಂಸ್ಥೆಗಳು ಗೂಗಲ್‌ಗೆ ಅರ್ಜಿ ಹಾಕ್ತವೆ. ಆಯ್ಕೆಯಾದ ಸಂಸ್ಥೆಗಳು ‘ನಮ್ಮಲ್ಲಿ ಇಂಥಿಂಥ ಕೆಲಸ ಇದೆ’ ಅಂತ ಪಟ್ಟಿ ಹಾಕ್ತವೆ. ನೀವು ಅದನ್ನು ನೋಡಿ, ಏನು ಮಾಡ್ತೀರಿ, ಯಾವ ವಾರ ಎಷ್ಟು ಮುಗಿಸ್ತೀರಿ ಅಂತ ಪ್ರಸ್ತಾವನೆ ಬರೀಬೇಕು. ಆರಿಸೋದು ಗೂಗಲ್ ಅಲ್ಲ, ಸಂಸ್ಥೆಯ ಮೆಂಟರ್‌ಗಳು. ಕೊನೆಗೆ ಪಾಸೋ ಫೇಲೋ ಹೇಳೋದೂ ಅವರೇ. ಗೂಗಲ್ ಚೆಕ್ ಬರೆಯುತ್ತೆ ಅಷ್ಟೇ.

2005ರ ಧಾವಂತದ ನಂತರ ಬಂದ ಒಂದು ಬದಲಾವಣೆ ‘ಕಮ್ಯುನಿಟಿ ಬಾಂಡಿಂಗ್’. ಆಯ್ಕೆಯಾದ ದಿನವೇ ಕೋಡ್ ಬರೆಯೋಕೆ ಶುರು ಮಾಡೋದಿಲ್ಲ. ಮೊದಲ ಕೆಲವು ವಾರ ಬರೀ ಪರಿಚಯ. ಚಾಟ್ ರೂಮಿನಲ್ಲಿ ಯಾರು ಏನು ಮಾಡ್ತಾರೆ, ಯಾರನ್ನು ಏನು ಕೇಳಬೇಕು, ಹಳೇ ಕೋಡ್ ಹಾಗೇಕೆ ಇದೆ. ಹೊಸ ಸೊಸೆಗೆ ಮೊದಲ ವಾರವೇ ಅಡುಗೆಮನೆ ಬಿಟ್ಟುಕೊಟ್ಟು ‘ಉಪ್ಪಿನ ಡಬ್ಬ ನೀನೇ ಹುಡುಕ್ಕೋ’ ಅಂದ ಹಾಗಾಗಬಾರದು ಅಂತ.

ಇನ್ನೊಂದು ಉಪಾಯ, ಅರ್ಜಿಗೆ ಮುಂಚೆಯೇ ಒಂದು ಸಣ್ಣ ಕೆಲಸ ಕೇಳೋದು. ಪೈಥಾನ್ ಭಾಷೆಯಲ್ಲಿ ಗಣಿತ ಮಾಡೋ ಸಿಂಪೈ ಅನ್ನೋ ಪ್ರಾಜೆಕ್ಟ್ ಈ ನಿಯಮ ಇಟ್ಟಿದೆ. ನೀವು ಕಳಿಸಿದ ಒಂದಾದರೂ ತಿದ್ದುಪಡಿ ಅವರ ಕೋಡಿನೊಳಗೆ ಸೇರಿರಬೇಕು. ಹುಡುಗರಿಗೆ ಇದು ಪರೀಕ್ಷೆ ಅನ್ನಿಸುತ್ತೆ. ಮೆಂಟರ್‌ಗೆ ಬೇರೆಯದೇ ಕಾಣುತ್ತೆ. ‘ಇಲ್ಲಿ ತಪ್ಪಿದೆ, ಹೀಗೆ ತಿದ್ದು’ ಅಂದಾಗ ಈ ಹುಡುಗ ಮುನಿಸಿಕೊಂಡು ಹೋಗ್ತಾನಾ, ಮತ್ತೆ ಬರ್ತಾನಾ? ಅಂಕಪಟ್ಟಿಯಲ್ಲಿ ಅದು ಬರೆದಿರೋದಿಲ್ಲ.

ಮೂರನೆಯದು ಮಧ್ಯಾವಧಿ ಮೌಲ್ಯಮಾಪನ. ಬೇಸಿಗೆಯ ನಡುವೆ ಮೆಂಟರ್ ಒಂದು ಫಾರ್ಮ್ ತುಂಬಬೇಕು. ಫೇಲ್ ಅಂದರೆ ಹುಡುಗ ಅಲ್ಲಿಗೇ ಹೊರಗೆ, ಮುಂದಿನ ದುಡ್ಡಿಲ್ಲ. ಯೋಚಿಸಿ, ನೀವು ಸಂಜೆ ಹೊತ್ತು ಪುಕ್ಕಟೆ ಪಾಠ ಹೇಳೋ ಒಬ್ಬ ಸಾಮಾನ್ಯ ಪ್ರೋಗ್ರಾಮರ್. ಎಲ್ಲೋ ದೂರದ ದೇಶದ ಹುಡುಗನ ಕಾಲೇಜು ಫೀಸು ನಿಮ್ಮ ಒಂದು ಟಿಕ್ ಮಾರ್ಕ್ ಮೇಲೆ ನಿಂತಿದೆ. ಪಾಪ ಅಂತ ಪಾಸ್ ಮಾಡಿದರೆ ಕಷ್ಟಪಟ್ಟ ಇನ್ನೊಬ್ಬರಿಗೆ ಅನ್ಯಾಯ. ಫೇಲ್ ಮಾಡಿದರೆ ರಾತ್ರಿ ನಿದ್ದೆ ಬರಲ್ಲ.

2009ರಲ್ಲಿ ಕೆಲವು ಅನುಭವಿ ಮೆಂಟರ್‌ಗಳು ಒಟ್ಟಿಗೆ ಕೂತು, ಕೆಲವೇ ದಿನಗಳಲ್ಲಿ ಮೆಂಟರ್‌ಗಳಿಗಾಗಿಯೇ ಒಂದು ಕೈಪಿಡಿ ಬರೆದರು. ಆಗ ಗೂಗಲ್‌ನಲ್ಲಿ ಈ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಲೆಸ್ಲಿ ಹಾತಾರ್ನ್ ಕೂಡ ಅದರಲ್ಲಿದ್ದರು. ಅದು ಪುಕ್ಕಟೆಯಾಗಿ ಎಲ್ಲರಿಗೂ ಸಿಗುತ್ತೆ. ಕೋಡಿಂಗ್‌ಗಿಂತ ಮನುಷ್ಯರ ಬಗ್ಗೆಯೇ ಅಲ್ಲಿ ಹೆಚ್ಚು ಮಾತು. ಮೆಂಟರ್‌ಗಳನ್ನು ಹೆಚ್ಚು ಕಾಡೋದು ಕೆಟ್ಟ ಕೋಡ್ ಅಲ್ಲ, ಮಾಯವಾಗೋ ವಿದ್ಯಾರ್ಥಿ. ಎರಡು ವಾರ ಚೆನ್ನಾಗಿ ಮಾತಾಡಿದವನು ಇದ್ದಕ್ಕಿದ್ದ ಹಾಗೆ ಮೌನ. ಮೇಲ್‌ಗೆ ಉತ್ತರ ಇಲ್ಲ, ಚಾಟ್‌ನಲ್ಲಿ ಹಸಿರು ದೀಪ ಇಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮತ್ತೆ ಬರ್ತೀನಿ ಇದಕ್ಕೆ.

ವರ್ಷದ ಕೊನೆಗೆ ‘ಮೆಂಟರ್ ಸಮಿಟ್’ ಅಂತ ಒಂದು ಸಭೆ. ಸಂಸ್ಥೆಗೆ ಇಬ್ಬರು ಮೆಂಟರ್‌ಗಳನ್ನು ಕರೀತಾರೆ. ಬಹಳ ವರ್ಷ ಕ್ಯಾಲಿಫೋರ್ನಿಯಾದಲ್ಲಿ ನಡೀತು, 2019ರಲ್ಲಿ ಮ್ಯೂನಿಕ್‌ನಲ್ಲಿ. ಅಲ್ಲಿ ಮುಂಚೆಯೇ ನಿಗದಿಯಾದ ಭಾಷಣಗಳಿಲ್ಲ. ಬಂದವರೇ ಬೋರ್ಡ್ ಮೇಲೆ ವಿಷಯ ಬರೆದು, ಇಷ್ಟ ಇದ್ದೋರು ಕೂತು ಮಾತಾಡ್ತಾರೆ. ಒಂದು ಮೇಜಿನ ಮೇಲೆ ಎಲ್ಲರೂ ತಮ್ಮ ತಮ್ಮ ದೇಶದ ಚಾಕೊಲೇಟ್ ತಂದು ಸುರೀತಾರೆ. ಮದುವೆ ಮನೆಯಲ್ಲಿ ಕೆಲಸ ಮಾಡಿದವರೆಲ್ಲ ಕೊನೇ ಪಂಕ್ತಿಯಲ್ಲಿ ಕೂತು ಊಟ ಮಾಡ್ತಾರಲ್ಲ, ನನಗೆ ಅದೇ ನೆನಪಾಯ್ತು.

ಸಿಂಪೈ ಕಥೆ

ಇಷ್ಟೆಲ್ಲ ಮಾಡಿ ಏನಾದರೂ ಆಯ್ತಾ? ಒಂದು ಉದಾಹರಣೆ ಪೂರ್ತಿ ಹೇಳ್ತೀನಿ. ಈಗಷ್ಟೇ ಹೇಳಿದ ಸಿಂಪೈ.

ಒಂಡ್ರೆ ಚರ್ಟಿಕ್ ಅನ್ನೋ ಜೆಕ್ ದೇಶದ ಒಬ್ಬರು 2005ರಲ್ಲಿ ಇದನ್ನು ಶುರು ಮಾಡಿದರು. ಒಬ್ಬರೇ. ಒಂದು ಬೇಸಿಗೆ ಸ್ವಲ್ಪ, ಮುಂದಿನ ಬೇಸಿಗೆ ಇನ್ನು ಸ್ವಲ್ಪ. 2007ರಲ್ಲಿ ಜೀಸಾಕ್ ಮೂಲಕ 5 ವಿದ್ಯಾರ್ಥಿಗಳು ಬಂದರು. ಒಬ್ಬರ ಪ್ರಾಜೆಕ್ಟ್ ಒಂದು ಗುಂಪಿನ ಪ್ರಾಜೆಕ್ಟ್ ಆಗಿದ್ದು ಆವಾಗ.

2009ರಲ್ಲಿ ಆರನ್ ಮ್ಯೂರರ್ ಅನ್ನೋ ಕಾಲೇಜು ಹುಡುಗ ಬಂದ. ಅವನ ಕೆಲಸ ಡಿಫರೆನ್ಷಿಯಲ್ ಈಕ್ವೇಷನ್ ಬಿಡಿಸೋ ಭಾಗ. ಬೇಸಿಗೆ ಮುಗೀತು, ದುಡ್ಡು ಬಂತು, ಹುಡುಗ ಹೋಗಲಿಲ್ಲ. 2011ರ ಜನವರಿಯಲ್ಲಿ ಚರ್ಟಿಕ್ ಇಡೀ ಪ್ರಾಜೆಕ್ಟಿನ ಹೊಣೆಯನ್ನು ಅವನಿಗೆ ಒಪ್ಪಿಸಿದರು. ನೋಡಿ, ಎರಡು ವರ್ಷದೊಳಗೆ ವಿದ್ಯಾರ್ಥಿ ಯಜಮಾನ ಆದ. ಅಲ್ಲಿಂದ ಮುಂದೆ ಅವನು ತನ್ನಂಥ ಹೊಸಬರಿಗೆ ಮೆಂಟರ್ ಆದ. ಭಾರತದ ಎಷ್ಟೋ ವಿದ್ಯಾರ್ಥಿಗಳು ಸಿಂಪೈಗೆ ಕೋಡ್ ಬರೆದಿದ್ದಾರೆ. 2017ರಲ್ಲಿ ಸಿಂಪೈ ಬಗ್ಗೆ ಒಂದು ಸಂಶೋಧನಾ ಲೇಖನ ಬಂತು, ಅದರ ಲೇಖಕರ ಪಟ್ಟಿಯಲ್ಲಿ ಎಷ್ಟೊಂದು ಹೆಸರು ನಮ್ಮವರದ್ದೇ.

ಮೊಜಿಲ್ಲಾದ 10ರಲ್ಲಿ ಸೊನ್ನೆಗೂ ಈ ಕಥೆಗೂ ಇರೋ ಅಂತರ ಏನು? ದುಡ್ಡು ಎರಡೂ ಕಡೆ ಹತ್ತಿರ ಹತ್ತಿರ ಅಷ್ಟೇ. ನನಗೆ ಕಾಣೋದು, ಚರ್ಟಿಕ್ ಹುಡುಗನಿಗೆ ಕೆಲಸ ಕೊಟ್ಟಿದ್ದು ಮಾತ್ರವಲ್ಲ, ಕೊನೆಗೆ ಕೀಲಿಕೈಯನ್ನೂ ಕೊಟ್ಟರು.

ನಮ್ಮ ಕಡೆಯ ಲೆಕ್ಕ

ಈಗ ಭಾರತಕ್ಕೆ ಬರೋಣ. 2005ರಲ್ಲಿ ಅಮೆರಿಕದ ಹುಡುಗನಿಗೂ ನಮ್ಮ ಹುಡುಗನಿಗೂ ಅದೇ 4,500 ಡಾಲರ್. ಆಗಿನ ಲೆಕ್ಕದಲ್ಲಿ ಸುಮಾರು 2 ಲಕ್ಷ ರೂಪಾಯಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅದು ಅಪ್ಪನ ವರ್ಷದ ಸಂಬಳಕ್ಕಿಂತ ಜಾಸ್ತಿ. ನಮ್ಮ ಉಪಖಂಡ ಈ ಅವಕಾಶ ಬಿಡಲಿಲ್ಲ. ಮೊದಲ 10 ವರ್ಷಗಳಲ್ಲಿ ಅತಿ ಹೆಚ್ಚು ವಿದ್ಯಾರ್ಥಿಗಳು ಬಂದಿದ್ದು ಶ್ರೀಲಂಕಾದ ಮೊರಟುವ ವಿಶ್ವವಿದ್ಯಾಲಯದಿಂದ. ದೇಶಗಳ ಪಟ್ಟಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಭಾರತವೇ ಮುಂದೆ.

ನಮ್ಮ ಬೆಂಗಳೂರಲ್ಲೂ ನೆಲ ಹದವಾಗಿತ್ತು. 2001ರಲ್ಲಿ ಲಿನಕ್ಸ್ ಬೆಂಗಳೂರು ಅಂತ ಶುರುವಾಗಿ, 2005ರಲ್ಲಿ ಫಾಸ್ ಡಾಟ್ ಇನ್ ಅಂತ ಹೆಸರು ಬದಲಿಸಿಕೊಂಡ ದೊಡ್ಡ ಸಮ್ಮೇಳನ ಇಲ್ಲಿ 2012ರ ತನಕ ನಡೀತು. 24ರಲ್ಲಿ ಒಂದೇ ಉಳೀತು ಅಂದೆನಲ್ಲ, ಅದೇ ಕೆಡಿಇ, 2011ರ ಮಾರ್ಚ್‌ನಲ್ಲಿ ಬೆಂಗಳೂರಿನ ಆರ್‌ವಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಭಾರತದ ಸಮ್ಮೇಳನ ಮಾಡಿತು. ಜೀಸಾಕ್‌ನಲ್ಲಿ ಜಾಗ ಸಿಗದವರಿಗೆ ಅಂತ ಶುರುವಾದ ‘ಸೀಸನ್ ಆಫ್ ಕೆಡಿಇ’ ಅನ್ನೋದನ್ನೂ ಕೆಡಿಇಯವರು ನಡೆಸ್ತಾರೆ. ಅಲ್ಲಿ ಸ್ಟೈಪೆಂಡ್ ಇಲ್ಲ, ಮೆಂಟರ್ ಮಾತ್ರ ಇದ್ದಾರೆ. ಆದರೂ ಹುಡುಗರು ಬರ್ತಾರೆ.

2017ರಲ್ಲಿ ದೊಡ್ಡ ತಿರುವು. ಅದರ ಹಿಂದಿನ ವರ್ಷ ಎಲ್ಲರಿಗೂ 5,500 ಡಾಲರ್ ಇತ್ತು. ಆ ವರ್ಷದಿಂದ ಆಯಾ ದೇಶದ ಕೊಳ್ಳುವ ಶಕ್ತಿ ನೋಡಿ ಕೊಡ್ತೀವಿ ಅಂದರು. 2,400ರಿಂದ 6,600 ಡಾಲರ್ ತನಕ. ಭಾರತಕ್ಕೆ ಬಂದಿದ್ದು ಆ ಕೆಳಗಿನ ತುದಿ. ನಮ್ಮ ಹುಡುಗರಿಗೆ ಬೇಜಾರಾಗಿದ್ದು ಸಹಜ. ಅದೇ ಕೋಡ್, ಅದೇ ಗಂಟೆ, ಅರ್ಧಕ್ಕಿಂತ ಕಡಿಮೆ ದುಡ್ಡು. ಬರ್ಲಿನ್ ಬಾಡಿಗೆಯೂ ತುಮಕೂರಿನ ಬಾಡಿಗೆಯೂ ಒಂದೇ ಅಲ್ಲ ಅನ್ನೋದೂ ನಿಜ. ಎರಡೂ ವಾದದಲ್ಲಿ ತೂಕ ಇದೆ, ತೀರ್ಪು ನಾನು ಕೊಡಲ್ಲ. ಆದರೆ ಈ ಜಗಳದಲ್ಲೂ ಮೆಂಟರ್‌ನ ಖಾತೆ ಯಾರೂ ತೆರೆದು ನೋಡಲಿಲ್ಲ.

ನಾನು ತೆರೆದು ನೋಡ್ತೀನಿ. ಇದು ನನ್ನ ಸ್ವಂತ ಅಂದಾಜು, ಅಧಿಕೃತ ಲೆಕ್ಕ ಅಲ್ಲ. ಒಬ್ಬ ಮೆಂಟರ್ ವಾರಕ್ಕೆ 5 ಗಂಟೆ ಕೊಡ್ತಾರೆ ಅಂತ ಇಟ್ಕೊಳ್ಳಿ. 12 ವಾರಕ್ಕೆ 60 ಗಂಟೆ. ಇಲ್ಲಿಯ ತನಕ ಜೀಸಾಕ್‌ನಲ್ಲಿ 20 ಸಾವಿರಕ್ಕೂ ಹೆಚ್ಚು ಜನ ಪಾಲ್ಗೊಂಡಿದ್ದಾರೆ. ಗುಣಿಸಿದರೆ 12 ಲಕ್ಷ ಗಂಟೆ. ಯಾವ ಬ್ಯಾಲೆನ್ಸ್ ಶೀಟ್‌ನಲ್ಲೂ ಇಲ್ಲದ 12 ಲಕ್ಷ ಗಂಟೆ.

ಇನ್ನೊಂದು ವಿಷಯ, ರಜೆ. ಅಮೆರಿಕದಲ್ಲಿ ಬೇಸಿಗೆ ರಜೆ ಅಂದರೆ ಮೂರು ತಿಂಗಳು. ನಮ್ಮಲ್ಲಿ ಮೇ, ಜೂನ್, ಜುಲೈ ಅಂದರೆ ಸೆಮಿಸ್ಟರ್ ಪರೀಕ್ಷೆ, ಲ್ಯಾಬ್, ವೈವಾ. ಬ್ರೆಜಿಲ್‌ನವರಿಗೆ ಅದು ಚಳಿಗಾಲ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಕೆಲಸವನ್ನು 350 ಗಂಟೆಯಿಂದ 175 ಗಂಟೆಗೆ ಇಳಿಸಿದರು. 2022ರಲ್ಲಿ ಎರಡೂ ಅಳತೆ ಇಟ್ಟು, ವಿದ್ಯಾರ್ಥಿಯೇ ಆಗಿರಬೇಕು ಅನ್ನೋ ನಿಯಮ ತೆಗೆದರು. 18 ದಾಟಿದ, ಓಪನ್ ಸೋರ್ಸ್‌ಗೆ ಹೊಸಬರಾದ ಯಾರು ಬೇಕಾದರೂ ಬರಬಹುದು. 2024ರಲ್ಲಿ 90 ಗಂಟೆಯ ಸಣ್ಣ ಪ್ರಾಜೆಕ್ಟ್‌ಗಳೂ ಬಂದವು. ಕೆಲಸಕ್ಕೆ ಹೋಗೋರಿಗೆ, ಮನೆ ನೋಡಿಕೊಳ್ಳೋರಿಗೆ ಇದು ದೊಡ್ಡ ಬದಲಾವಣೆ.

ಆ ಹತ್ತು ದಿನ

ಇದೆಲ್ಲ ನನಗೆ ಯಾಕೆ ತಟ್ಟುತ್ತೆ ಅಂದರೆ ಒಂದು ಹಳೇ ಲೆಕ್ಕ ಇದೆ. ನಾನೂ ಸಿಎ ಆಗ್ತೀನಿ ಅಂತ ಹೊರಟವಳು. ಒಂದು ಆಫೀಸಿನಲ್ಲಿ ಆರ್ಟಿಕಲ್‌ಶಿಪ್‌ಗೆ ಸೇರಿದ್ದೆ. ಅದೂ ಸ್ಟೈಪೆಂಡ್ ಇರೋ ಕಲಿಕೆಯೇ. ಒಂದೂವರೆ ವರ್ಷ ವೋಚರ್‌ಗಳಿಗೆ ಟಿಕ್ ಹಾಕಿದೆ, ಜೆರಾಕ್ಸ್ ಮಾಡಿಸಿದೆ. ತಪ್ಪಾದರೆ ಬೈಗುಳ ಬರ್ತಿತ್ತು, ತಪ್ಪೇನು ಅಂತ ಯಾರೂ ಹೇಳ್ತಿರಲಿಲ್ಲ. ಒಬ್ಬರು ಸೀನಿಯರ್ ಅಕ್ಕ ಮಾತ್ರ ಸಂಜೆ ಏಳರ ಮೇಲೆ ಅರ್ಧ ಗಂಟೆ ಪಕ್ಕದಲ್ಲಿ ಕೂತು ಬ್ಯಾಂಕ್ ರಿಕನ್ಸಿಲಿಯೇಷನ್ ಹೇಳಿಕೊಟ್ಟರು. ಅವರು ಬೇರೆ ಕಡೆ ಹೋದರು, ಎರಡು ತಿಂಗಳಿಗೆ ನಾನೂ ಬಿಟ್ಟೆ. ಇವತ್ತಿಗೂ ನನಗೆ ಸರಿಯಾಗಿ ಬರೋದು ಅವರು ಹೇಳಿಕೊಟ್ಟಿದ್ದೊಂದೇ.

ಈಗ ತಮ್ಮನ ಕಥೆ ಮುಗಿಸ್ತೀನಿ. ಜೂನ್ ಕೊನೆಯಲ್ಲಿ ಚಿಕ್ಕಮ್ಮನ ಫೋನ್ ಬಂತು. ‘ಇವನು ಸರಿಯಾಗಿ ಊಟ ಮಾಡ್ತಿಲ್ಲ ಕಣೇ, ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದಾನೆ.’ ಹೋಗಿ ಕೇಳಿದೆ. ಒಂದು ಕಡೆ ಪರೀಕ್ಷೆ, ಇನ್ನೊಂದು ಕಡೆ ಕೋಡಿನಲ್ಲಿ ಬಗೆಹರಿಯದ ಒಂದು ತೊಡಕು. ಹತ್ತು ದಿನದಿಂದ ಮೆಂಟರ್‌ಗೆ ಒಂದು ಸಾಲೂ ಬರೆದಿಲ್ಲ. ಯಾಕೋ ಅಂದರೆ, ‘ಏನಂತ ಬರೀಲಿ ಅಕ್ಕಾ? ಏನೂ ಮಾಡಿಲ್ಲ ಅಂತಾನಾ? ನಾಚಿಕೆ ಆಗುತ್ತೆ.’

ಮಾಯವಾಗೋ ವಿದ್ಯಾರ್ಥಿ ನಮ್ಮ ಮನೆಯಲ್ಲೇ ಕೂತಿದ್ದ! ಸೋಮಾರಿತನ ಅಲ್ಲ ಅದು. ತಪ್ಪು ಒಪ್ಪಿಕೊಂಡರೆ ಬೈತಾರೆ ಅಂತಲೇ ಕಲಿತು ಬಂದವರು ನಾವು. ಮೇಷ್ಟ್ರ ಮುಂದೆ ‘ಗೊತ್ತಿಲ್ಲ ಸರ್’ ಅನ್ನೋಕೂ ಧೈರ್ಯ ಬೇಕು.

ಮೆಂಟರ್ ಕಳಿಸಿದ ಮೂರು ಮೇಲ್ ತೆರೆಯದೇ ಬಿದ್ದಿದ್ದವು. ಕೂರಿಸಿಕೊಂಡು ತೆರೆಸಿದೆ. ಮೂರನೆಯದರ ಸಾರ ಇಷ್ಟು: ನೀನು ಹುಷಾರಾಗಿದ್ದೀಯ ಅಂತ ಮೊದಲು ತಿಳಿಸು. ಕೆಲಸ ಜಾಸ್ತಿ ಅನ್ನಿಸಿದರೆ ಕಡಿಮೆ ಮಾಡೋಣ, ಅದು ತಪ್ಪಲ್ಲ. ಆಗದೇ ಇರೋದನ್ನೇ ಬರೆದು ಕಳಿಸು, ಅಲ್ಲಿಂದ ಶುರು ಮಾಡೋಣ.

ಆ ರಾತ್ರಿ ಅವನು ಬರೆದ. ನಾಲ್ಕು ಸಾಲು. ಮರುದಿನ ಒಂದು ವಿಡಿಯೊ ಕಾಲ್. ಮೂರು ಭಾಗದ ಕೆಲಸದಲ್ಲಿ ಒಂದನ್ನು ಬಿಟ್ಟರು. ಮಧ್ಯಾವಧಿಯಲ್ಲಿ ಹೇಗೋ ಪಾಸಾದ, ಕೊನೆಯಲ್ಲಿ ಚೆನ್ನಾಗಿಯೇ ಪಾಸಾದ. ದುಡ್ಡಿನಲ್ಲಿ ಅರ್ಧ ಕಾಲೇಜು ಫೀಸಿಗೆ ಹೋಯ್ತು, ಚಿಕ್ಕಮ್ಮನಿಗೆ ಹೊಸ ಮಿಕ್ಸಿ ಬಂತು.

ಆಮೇಲೆ ಉಳಿದನಾ? ಸುಳ್ಳು ಹೇಳಲ್ಲ. ಪ್ಲೇಸ್‌ಮೆಂಟ್ ಸೀಸನ್ ಶುರುವಾಯ್ತು, ಎರಡು ತಿಂಗಳು ಆ ಪ್ರಾಜೆಕ್ಟ್ ಕಡೆ ತಲೆ ಹಾಕಲಿಲ್ಲ. ನಾನೂ ಕೇಳಲಿಲ್ಲ. ಹೋದ ವಾರ ಮನೆಗೆ ಹೋದಾಗ ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಈ ವರ್ಷದ ಜೀಸಾಕ್‌ಗೆ ಅರ್ಜಿ ಹಾಕಬೇಕು ಅಂತಿರೋ ಯಾವುದೋ ಊರಿನ ಹುಡುಗಿ ಒಂದು ತಿದ್ದುಪಡಿ ಕಳಿಸಿದ್ದಳಂತೆ. ಅದರಲ್ಲಿ ನಾಲ್ಕು ತಪ್ಪು. ಇವನು ಒಂದೊಂದನ್ನೇ ಬಿಡಿಸಿ ಉತ್ತರ ಬರೀತಿದ್ದ.

‘ಊಟಕ್ಕೆ ಬಾರೋ’ ಅಂದೆ.

‘ಐದು ನಿಮಿಷ ಅಕ್ಕಾ. ಇವತ್ತು ಉತ್ತರ ಕೊಡದಿದ್ದರೆ ಅವಳು ಸುಮ್ಮನಾಗಿಬಿಡ್ತಾಳೆ.’

ಅರ್ಧ ಗಂಟೆ ಆಯ್ತು. ಸಾರು ತಣ್ಣಗಾಯ್ತು, ಚಿಕ್ಕಮ್ಮ ಎರಡು ಸಲ ಕೂಗಿದರು.

ಇಷ್ಟೇ ಇವತ್ತಿನ ಸಂಚಿಕೆ. ನಿಮಗೂ ಯಾರಾದರೂ ಹೀಗೆ ಪಕ್ಕದಲ್ಲಿ ಕೂತು ಹೇಳಿಕೊಟ್ಟಿದ್ದರೆ, ಕೋಡಿಂಗೇ ಇರಲಿ, ಸ್ಕೂಟರ್ ಓಡಿಸೋದೇ ಇರಲಿ, ಇವತ್ತು ಅವರಿಗೊಂದು ಫೋನ್ ಮಾಡಿ. ನಾನು ಆ ಸೀನಿಯರ್ ಅಕ್ಕನ ನಂಬರ್ ಹುಡುಕ್ತಿದ್ದೀನಿ. ಮುಂದಿನ ವಾರ ಸಿಗೋಣ. ನಮಸ್ಕಾರ.